ರವಿವಾರದ ಜಲವಿಹಾರ

ಕಚೇರಿಯ ಗುಮಾಸ್ತರಿಗೆ ರವಿವಾರವೆಂಬುದೊಂದುಂಟು. ಉಪಾಹಾರಗೃಹಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಅದೂ ಇಲ್ಲ. ಊರಿಗೆಲ್ಲ ಬಿಡುವಾದ ದಿನವೇ ಅವರಿಗೆ ಇಮ್ಮಡಿ ದುಡಿಮೆ. ವಾರದ ನಡುವೆ ಎಂದೋ ಒಂದು ದಿನ ರಜೆ ದೊರೆತಾಗ, ಊರಿನಿಂದ ಬಂದ ತಮ್ಮನನ್ನೋ, ಹೊಸದಾಗಿ ಸಂಸಾರ ಹೂಡಿದವರಾದರೆ ಮಡದಿಯನ್ನೋ ಕರೆದುಕೊಂಡು ಎಲ್ಲಿಗೆ ಹೋಗುವುದೆಂದು ಯೋಚಿಸಿದರೆ, ಮುಂಬಯಿಯಲ್ಲಿ ಮೊದಲು ನೆನಪಿಗೆ ಬರುವುದು ಅಪೊಲೊ ಬಂದರು. ಗೇಟ್‌ವೇ ಆಫ್ ಇಂಡಿಯಾದ ಕಮಾನಿನೆದುರು ನಿಂತು ಒಂದು ಚಿತ್ರ ತೆಗೆದುಕೊಂಡು, ಮೆಟ್ಟಿಲಿಳಿದು ಲಾಂಚು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಘಾರಾಪುರಿ. ಪರದೇಶೀಯರು ಎಲಿಫೆಂಟಾ ಎಂದು ಹೆಸರಿಟ್ಟ ಆ ದ್ವೀಪದಲ್ಲಿ ಮೂರು ಮೊಗದ ಶಿವನನ್ನು ಕಂಡು, ಮರಳುವಾಗ ಕಡಲ ಗಾಳಿಗೆ ಮುಖವೊಡ್ಡಿ ಕುಳಿತರೆ, ವಾರವಿಡೀ ಒಲೆಯ ಮುಂದೆ ಬೆಂದ ದೇಹಕ್ಕಾಗುವ ಸುಖವನ್ನು ನಾವು ಬರೆದು ತಿಳಿಸಬೇಕಾಗಿಲ್ಲ.

ಘಾರಾಪುರಿಯೆಂದಾಗ ಕನ್ನಡಿಗರಾದ ನಮಗೆ ಇನ್ನೊಂದು ನೆನಪೂ ಬರುವುದು ಸಹಜ. ಇಮ್ಮಡಿ ಪುಲಕೇಶಿಯು ನೂರಾರು ನೌಕೆಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದನೆಂದು ಕ್ರಿ. ಶ. ೬೩೪ರ ಐಹೊಳೆಯ ಶಾಸನವು ಹೇಳುತ್ತದೆ. ಆ ಪುರಿ ಇದೇ ದ್ವೀಪವೆಂದು ಕೆಲವು ವಿದ್ವಾಂಸರ ಮತ. ಹಾಗಿದ್ದಲ್ಲಿ, ನಮ್ಮವರು ಈ ನೀರಿನ ಮೇಲೆ ಬಂದುದು ಇಂದು ನಿನ್ನೆಯ ಮಾತಲ್ಲ! ಈಗ ಹೋಗುವವರು ಟಿಕೇಟು ಪಡೆದು ಹೋಗುತ್ತಾರೆ, ಇಷ್ಟೇ ವ್ಯತ್ಯಾಸ.

ಮುಂಬಯಿಗೆ ಘಾರಾಪುರಿ ಮತ್ತು ಮಾಂಡವಾ ಇದ್ದಂತೆ ಹೈದರಾಬಾದಿನವರಿಗೆ ಹುಸೇನ್ ಸಾಗರ, ಚೆನ್ನೈಯವರಿಗೆ ಮುಟ್ಟುಕಾಡಿನ ಹಿನ್ನೀರು. ದಿಲ್ಲಿಯವರು ಬೇಸಗೆಯಲ್ಲಿ ನೈನಿತಾಲಕ್ಕೆ ಹೋದರೆ ಅಲ್ಲಿಯ ಸರೋವರದಲ್ಲಿ ಒಂದು ಸುತ್ತು ದೋಣಿಯೇರದೆ ಮರಳುವುದಿಲ್ಲ. ಊರಿಗೆ ಹೋದಾಗಲೂ ಮಲ್ಪೆಯಿಂದ ಸೇಂಟ್ ಮೇರಿ ದ್ವೀಪಕ್ಕೆ, ಹಂಪೆಯಲ್ಲಿ ಹರಿಗೋಲಿನಲ್ಲಿ ಹೊಳೆ ದಾಟಲಿಕ್ಕೆ, ಮನೆಯ ಮಕ್ಕಳ ಒತ್ತಾಯ ಇದ್ದೇ ಇರುತ್ತದೆ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ಏರ್ಪಡಿಸುವ ವಿಹಾರಕೂಟಗಳಲ್ಲಿಯೂ ದೋಣಿಯ ಕಾರ್ಯಕ್ರಮ ಸೇರುವುದುಂಟು. ಇಷ್ಟೊಂದು ಮಂದಿ ಇಷ್ಟೊಂದು ಬಾರಿ ನೀರಿಗಿಳಿಯುತ್ತಿದ್ದರೂ, ನೀರಿನ ಮೇಲೆ ಹೇಗಿರಬೇಕೆಂಬುದನ್ನು ನಮಗೆ ಯಾರೂ ಹೇಳಿಕೊಡುವುದಿಲ್ಲ. ರಸ್ತೆ ದಾಟುವುದನ್ನು ಶಾಲೆಯಲ್ಲಿ ಕಲಿಸುತ್ತಾರೆ. ದೋಣಿ ಹತ್ತುವುದನ್ನು ಕಲಿಸಿದವರಿಲ್ಲ.

೨೦೨೪ರ ಡಿಸೆಂಬರ್ ೧೮ರ ಮಧ್ಯಾಹ್ನವನ್ನು ಮುಂಬಯಿಯ ವಾಚಕರು ಮರೆತಿರಲಾರರು. ಗೇಟ್‌ವೇಯಿಂದ ಘಾರಾಪುರಿಗೆ ಹೊರಟಿದ್ದ ‘ನೀಲಕಮಲ’ವೆಂಬ ಲಾಂಚಿಗೆ, ಇಂಜಿನಿನ ಪರೀಕ್ಷೆಗಾಗಿ ಓಡುತ್ತಿದ್ದ ನೌಕಾಪಡೆಯ ವೇಗದ ದೋಣಿಯೊಂದು ಹತೋಟಿ ತಪ್ಪಿ ಬಂದು ಬಡಿಯಿತು. ಲಾಂಚಿನಲ್ಲಿದ್ದವರು ನೂರಕ್ಕೂ ಹೆಚ್ಚು ಮಂದಿ. ಅದಕ್ಕೆ ಪರವಾನಿಗೆ ಇದ್ದುದು ನೂರಕ್ಕಿಂತ ಕಡಿಮೆ ಜನರಿಗೆ. ಹನ್ನೆರಡಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಬಡಿದ ತಪ್ಪು ಪ್ರಯಾಣಿಕರದಲ್ಲ, ನಿಜ. ಆದರೆ ಬಡಿದ ಮೇಲೆ ಯಾರು ತೇಲುವರು, ಯಾರು ಮುಳುಗುವರು ಎಂಬುದನ್ನು ಮೈಮೇಲೆ ಜೀವರಕ್ಷಕ ಕವಚವಿತ್ತೇ ಇಲ್ಲವೇ ಎಂಬುದೇ ಬಹುಮಟ್ಟಿಗೆ ನಿರ್ಣಯಿಸುತ್ತದೆ. ಆ ದಿನ ಅನೇಕರ ಮೈಮೇಲೆ ಅದು ಇರಲಿಲ್ಲ. ಅದರ ಮರುದಿನಗಳಲ್ಲಿ ಗೇಟ್‌ವೇಯಿಂದ ಹೊರಡುವ ಎಲ್ಲರೂ ಕವಚ ತೊಡಲೇಬೇಕೆಂದು ಅಧಿಕಾರಿಗಳು ವಿಧಿಸಿದರು.

ಇದಕ್ಕೂ ಮುಂಚಿನ ಕಥೆಯೊಂದನ್ನು ಮುಂಬಯಿಯ ಹಳಬರು ತಮ್ಮ ಹಿರಿಯರ ಬಾಯಲ್ಲಿ ಕೇಳಿರಬಹುದು. ಸ್ವಾತಂತ್ರ್ಯಕ್ಕೆ ಇನ್ನೊಂದು ತಿಂಗಳೂ ಇರದಿದ್ದ ೧೯೪೭ರ ಜುಲೈ ೧೭ರಂದು ಭಾವುಚಾ ಧಕ್ಕೆಯಿಂದ ರೇವಸಿಗೆ ಹೊರಟ ‘ರಾಮದಾಸ’ವೆಂಬ ಉಗಿಹಡಗು ಮಳೆಗಾಲದ ಕಡಲಿನಲ್ಲಿ ಮಗುಚಿತು. ಆರುನೂರಕ್ಕೂ ಹೆಚ್ಚು ಜನ ತೀರಿಕೊಂಡರು. ತೆರೆ ಮತ್ತು ಮಳೆಗೆ ಬೆದರಿದ ಜನ ಒಂದೇ ಮಗ್ಗುಲಿಗೆ ನುಗ್ಗಿದುದು ಹಡಗು ವಾಲಲು ಕಾರಣಗಳಲ್ಲೊಂದೆಂದು ಹೇಳುತ್ತಾರೆ.

ಈ ‘ಒಂದೇ ಮಗ್ಗುಲಿಗೆ ನುಗ್ಗುವುದು’ ಎಂಬ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ನಾವು ಕಂಡಂತೆ ದೋಣಿಯ ಅನಾಹುತಗಳಲ್ಲಿ ಬಿರುಗಾಳಿಯ ಪಾಲಿಗಿಂತ ಮನುಷ್ಯರ ಪಾಲು ದೊಡ್ಡದು.

ಉಪಾಹಾರಗೃಹದಲ್ಲಿ ದುಡಿಯುವವರಿಗೆ ಇದನ್ನು ತಿಳಿಸುವುದು ಸುಲಭ. ಅಂಗೈಯ ಮೇಲೆ ತಟ್ಟೆಯಿಟ್ಟು, ಅದರ ತುಂಬ ಕಾಫಿಯ ಲೋಟಗಳನ್ನು ಜೋಡಿಸಿ, ಗದ್ದಲದ ನಡುವೆ ತೂರಿಕೊಂಡು ಹೋಗುವ ಮಾಣಿ ಎಷ್ಟು ಲೋಟ ಹೊತ್ತಿದ್ದಾನೆಂಬುದಕ್ಕಿಂತ ಅವನ್ನು ಹೇಗೆ ಜೋಡಿಸಿದ್ದಾನೆಂಬುದು ಮುಖ್ಯ. ನಡುವೆ ಭಾರವಿದ್ದರೆ ಹನ್ನೆರಡು ಲೋಟವೂ ನಿಲ್ಲುತ್ತವೆ; ಒಂದು ಅಂಚಿಗೆ ಸರಿದರೆ ನಾಲ್ಕು ಲೋಟವೂ ನಿಲ್ಲವು. ಇನ್ನು ಎತ್ತರದ ಲೋಟದ ಮೇಲೆ ಲೋಟ ಪೇರಿಸಿದರಂತೂ ಕೈಯ ಸಣ್ಣ ಓಲಾಟಕ್ಕೆ ಎಲ್ಲವೂ ನೆಲಕ್ಕೆ. ದೋಣಿಯೂ ಹೀಗೆಯೇ. ಜನ ಕುಳಿತಿದ್ದರೆ ಭಾರ ತಳದಲ್ಲಿರುತ್ತದೆ. ಎದ್ದು ನಿಂತರೆ, ಮಹಡಿಯ ಮೇಲೇರಿದರೆ, ಭಾರವೂ ಮೇಲೇರುತ್ತದೆ. ಜನ ಒಂದು ಬದಿಗೆ ಸರಿದರೆ ಆ ಬದಿ ನೀರಿಗಿಳಿಯುತ್ತದೆ. ಇಳಿದ ಅಂಚನ್ನು ದಾಟಿ ನೀರು ಒಳಬಂದರೆ ಆ ನೀರೂ ವಾಲಿದ ಬದಿಗೇ ಓಡುತ್ತದೆ. ಅನಂತರದ್ದು ಕೆಲವೇ ಕ್ಷಣಗಳ ಕೆಲಸ.

ಕೇರಳದ ತೇಕ್ಕಡಿಯಲ್ಲಿ ೨೦೦೯ರ ಸೆಪ್ಟೆಂಬರ್ ೩೦ರಂದು ನಡೆದುದು ಇದೇ. ಸರೋವರ ಶಾಂತವಾಗಿತ್ತು. ದಡದಲ್ಲಿ ಕಾಡುಪ್ರಾಣಿಗಳು ಕಂಡುವೆಂದು ‘ಜಲಕನ್ಯಕಾ’ ಎಂಬ ಎರಡಂತಸ್ತಿನ ದೋಣಿಯ ಪ್ರಯಾಣಿಕರು ಒಂದೇ ಕಡೆಗೆ ಎದ್ದು ಬಂದರು. ಮೊದಲೇ ಸಮತೋಲ ಸಾಲದಿದ್ದ ದೋಣಿ ಮಗುಚಿಕೊಂಡಿತು. ೪೫ ಮಂದಿ ಸತ್ತರು. ಚಿತ್ರ ತೆಗೆಯುವ ಸಾಧನ ಇಂದು ಪ್ರತಿಯೊಬ್ಬನ ಕಿಸೆಯಲ್ಲಿಯೂ ಇರುವಾಗ, ‘ಅದೋ ಡಾಲ್ಫಿನ್, ಅದೋ ಹಡಗು’ ಎಂದು ಯಾರಾದರೂ ಕೂಗಿದರೆ ಏನಾಗುವುದೆಂದು ವಾಚಕರೇ ಊಹಿಸಲಿ. ನೋಡಬೇಡಿರೆಂದು ನಾವು ಹೇಳುವುದಿಲ್ಲ. ಕುಳಿತಲ್ಲಿಂದಲೇ ಕತ್ತು ತಿರುಗಿಸಿ ನೋಡಬಹುದು. ಕಾಣದಿದ್ದರೆ ಹೋಯಿತು, ಕಂಡವರು ಮನೆಗೆ ಬಂದು ಹೇಗೂ ಹೇಳುತ್ತಾರೆ.

ಕಿಕ್ಕಿರಿದ ದೋಣಿಗಳ ಪಟ್ಟಿ ಇನ್ನೂ ಉದ್ದವಿದೆ. ಕಾರವಾರದ ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ೨೦೧೯ರ ಜನವರಿ ೨೧ರಂದು ಮರಳುತ್ತಿದ್ದ ದೋಣಿ ಮಗುಚಿ ೧೬ ಮಂದಿ ಅಸುನೀಗಿದರು. ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ೨೦೨೩ರ ಮೇ ೭ರ ಸಂಜೆ, ಮೀನು ಹಿಡಿಯುವ ದೋಣಿಯನ್ನು ವಿಹಾರಕ್ಕೆಂದು ಮಾರ್ಪಡಿಸಿದ್ದ ಎರಡಂತಸ್ತಿನ ದೋಣಿಯು ೨೨ ಜನರನ್ನು ನುಂಗಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ವಡೋದರದ ಹರಣಿ ಕೆರೆಯಲ್ಲಿ ೨೦೨೪ರ ಜನವರಿ ೧೮ರಂದು ಶಾಲೆಯಿಂದ ವಿಹಾರಕ್ಕೆ ಬಂದಿದ್ದ ೧೨ ಮಕ್ಕಳೂ ಇಬ್ಬರು ಶಿಕ್ಷಕಿಯರೂ ಹೋದರು. ಒಂದು ಕಡಲು, ಒಂದು ಹಿನ್ನೀರು, ಒಂದು ಊರ ನಡುವಣ ಕೆರೆ. ಮೂರರಲ್ಲಿಯೂ ಅಳವಿಗೆ ಮೀರಿ ಜನರನ್ನು ಹತ್ತಿಸಿದ್ದರು.

ಯಾಂತ್ರಿಕ ದೋಣಿಗೆ ನೋಂದಣಿ ಬೇಕು, ತಪಾಸಣೆ ಬೇಕು, ಜೀವರಕ್ಷಕ ಸಾಮಗ್ರಿ ಬೇಕು ಎಂಬುದಕ್ಕೆ ಕಾನೂನಿಲ್ಲವೆಂದಲ್ಲ. ೧೯೧೭ರ ಹಳೆಯ ಕಾಯಿದೆಯನ್ನು ತೆಗೆದುಹಾಕಿ ೨೦೨೧ರಲ್ಲಿ ಒಳನಾಡಿನ ನೌಕೆಗಳಿಗೆ ಹೊಸ ಕಾಯಿದೆಯನ್ನೇ ಮಾಡಿದ್ದಾರೆ. ಆದರೆ ಕಾಯಿದೆಯ ಪುಸ್ತಕ ದಿಲ್ಲಿಯಲ್ಲಿರುತ್ತದೆ, ದೋಣಿ ಧಕ್ಕೆಯಲ್ಲಿರುತ್ತದೆ. ನಡುವೆ ನಿಂತವನು ಪ್ರಯಾಣಿಕ.

ಆತನು ಮಾಡಬಹುದಾದುದು ಬಹಳವೇನಿಲ್ಲ. ಆದರೆ ಅದು ಕಷ್ಟದ ಕೆಲಸ. ದೋಣಿ ತುಂಬಿದೆಯೆಂದು ಕಂಡರೆ ಹತ್ತಬಾರದು. ಎಷ್ಟು ಜನರಿಗೆ ಪರವಾನಿಗೆಯೆಂಬುದನ್ನು ದೋಣಿಯ ಮೇಲೆ ಬರೆದಿದ್ದರೆ ಓದಬೇಕು, ಬರೆದಿರದಿದ್ದರೆ ಕೇಳಬೇಕು. ಅಂಚಿಗೂ ನೀರಿಗೂ ನಡುವೆ ಗೇಣಿನಷ್ಟೇ ಉಳಿದಿದ್ದರೆ ಯಾವ ಲೆಕ್ಕವೂ ಬೇಡ, ಅದೇ ಉತ್ತರ. ಇಲ್ಲಿ ನಮ್ಮವರ ಸ್ವಭಾವದ ಬಗ್ಗೆ ಒಂದು ಮಾತು ಹೇಳಬೇಕಾಗಿದೆ. ಪರ ಊರಿನಲ್ಲಿ, ಪರ ಭಾಷೆಯ ನಡುವೆ, ದಣಿಗಳ ಮಾತಿಗೆ ‘ಆಗಲಿ’ ಎಂದು ತಲೆಯಾಡಿಸಿ ಅಭ್ಯಾಸವಾದ ನಮಗೆ ‘ಆಗದು’ ಎನ್ನಲು ನಾಲಗೆ ಏಳುವುದಿಲ್ಲ. ಟಿಕೇಟಿಗೆ ದುಡ್ಡು ಕೊಟ್ಟಾಗಿದೆ, ಹಿಂದಿನವರು ನೂಕುತ್ತಿದ್ದಾರೆ, ಜೊತೆಗಾರರು ‘ಬಾರಯ್ಯಾ, ಏನಾಗುತ್ತದೆ’ ಎನ್ನುತ್ತಿದ್ದಾರೆ. ಆ ಗಳಿಗೆಯಲ್ಲಿ ಹಿಂದೆ ಸರಿದು ನಿಲ್ಲುವುದಕ್ಕೆ ಬೇಕಾದ ಧೈರ್ಯ ಈಜಿಗೆ ಬೇಕಾದ ಧೈರ್ಯಕ್ಕಿಂತ ಹೆಚ್ಚಿನದು. ಮುಂದಿನ ಲಾಂಚು ಸ್ವಲ್ಪ ಹೊತ್ತಿನಲ್ಲಿ ಬರುತ್ತದೆ. ಬಾರದಿದ್ದರೆ ಕಡಲನ್ನು ದಡದಲ್ಲಿ ಕುಳಿತೂ ನೋಡಬಹುದು. ಕಡಲೆಕಾಯಿಗೆ ಕೊಡುವ ದುಡ್ಡು ಟಿಕೇಟಿಗಿಂತ ಕಡಿಮೆ.

ಕರಾವಳಿಯವರೆಂಬ ಅಭಿಮಾನವೂ ಕೆಲವೊಮ್ಮೆ ಕೇಡು. ‘ನಾವು ಹೊಳೆಯ ಬದಿಯಲ್ಲಿ ಹುಟ್ಟಿದವರು, ನಮಗೆ ದೋಣಿಯ ಪಾಠವೇ?’ ಎಂದು ನಗುವ ಗೆಳೆಯರನ್ನು ಬಲ್ಲೆವು. ಸೇತುವೆಗಳಾಗುವ ಮುಂಚೆ ದಕ್ಷಿಣ ಕನ್ನಡದಲ್ಲಿ ಕಡವು ದಾಟದೆ ಮದುವೆಯೂ ಇಲ್ಲ, ಪೇಟೆಯೂ ಇಲ್ಲವೆಂಬುದು ನಿಜ. ಹಿಂದಿನ ತಲೆಮಾರಿನವರಲ್ಲಿ ಅನೇಕರು ಮಂಗಳೂರಿನಿಂದ ಹಡಗಿನಲ್ಲಿಯೇ ಮುಂಬಯಿಗೆ ಬಂದಿಳಿದವರೆಂಬುದೂ ನಿಜ. ಆದರೆ ಆ ದೋಣಿಯಲ್ಲಿ ಜಲ್ಲೆ ಹಿಡಿದು ನಿಂತಿದ್ದವನು ಹೊಳೆಯ ಸುಳಿಯನ್ನೂ ಭರತ ಇಳಿತಗಳನ್ನೂ ಹುಟ್ಟಿನಿಂದ ಬಲ್ಲವನಾಗಿದ್ದನು. ಅವನು ‘ಕುಳಿತುಕೊಳ್ಳಿ’ ಎಂದರೆ ಊರ ಪಟೇಲನೂ ಕುಳಿತುಕೊಳ್ಳುತ್ತಿದ್ದನು. ಹನ್ನೆರಡನೆಯ ಶತಮಾನದ ಶರಣರ ನಡುವೆ ಅಂಬಿಗರ ಚೌಡಯ್ಯನ ಮಾತಿಗೆ ಇದ್ದ ಖಡಾಖಂಡಿತತನಕ್ಕೆ ಆತನ ಕಸುಬೂ ಕಾರಣವಿರಬಹುದೇ ಎಂದು ನಾವು ಎಷ್ಟೋ ಬಾರಿ ಯೋಚಿಸಿದ್ದುಂಟು. ನೀರಿನ ನಡುವೆ ನಯವಾಗಿ ಬೇಡಿಕೊಳ್ಳಲು ಸಮಯವೆಲ್ಲಿ?

ಆದುದರಿಂದ ದೋಣಿಯಲ್ಲಿ ತಾಂಡೇಲನ ಮಾತೇ ಕೊನೆಯದು. ಗ್ರಾಹಕನ ನಾಲಗೆಯ ಬಿಸಿಯನ್ನು ದಿನವೂ ಉಣ್ಣುವ ನಮ್ಮ ಬಂಧುಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲವಾದರೂ, ಒಂದು ದಿನದ ಮಟ್ಟಿಗೆ ತಾನೇ ಗ್ರಾಹಕನಾದಾಗ ಮನುಷ್ಯನ ವರ್ತನೆ ಬದಲಾಗುವುದನ್ನು ಧಕ್ಕೆಯಲ್ಲಿ ನಿಂತು ನಾವು ನೋಡಿದ್ದೇವೆ. ‘ಏ, ಬೇಗ ಓಡಿಸೋ’ ಎಂದು ಅಪ್ಪಣೆ ಮಾಡುವವರು, ‘ಅಲೆಯ ಮೇಲೆ ಹಾರಿಸು, ಹತ್ತು ರೂಪಾಯಿ ಹೆಚ್ಚು ಕೊಡುತ್ತೇವೆ’ ಎನ್ನುವವರು, ಚುಕ್ಕಾಣಿಯನ್ನು ಒಂದು ಕ್ಷಣ ತಮ್ಮ ಕೈಗೆ ಕೊಡೆಂದು ಕಾಡುವವರು. ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ‘ದಾದಾ’ ಎಂದು ಕರೆದು ಮಾತನಾಡಿಸಿದರೆ ಅವನೂ ನಾಲ್ಕು ವಿಷಯ ಹೇಳುತ್ತಾನೆ. ಇಂದು ತೆರೆ ಹೇಗಿದೆ, ಯಾವ ಬದಿಯಲ್ಲಿ ಬಿಸಿಲು, ಎಲ್ಲಿ ಕುಳಿತರೆ ನೀರೆರಚುವುದಿಲ್ಲ ಎಂಬುದನ್ನು ಆತನಿಗಿಂತ ಚೆನ್ನಾಗಿ ಬಲ್ಲವರಾರು? ಆದರೆ ಅವನು ಬಂದರಿನ ಹಡಗುಗಳ ನಡುವೆ ದಾರಿ ಬಿಡಿಸಿಕೊಳ್ಳುತ್ತಿರುವಾಗ ಮಾತಿಗೆಳೆಯಬಾರದು.

ಆ ದಾರಿಗೂ ನಿಯಮಗಳುಂಟೆಂಬುದು ಅನೇಕರಿಗೆ ತಿಳಿಯದು. ೧೯೭೨ರಲ್ಲಿ ರಾಷ್ಟ್ರಗಳು ಸೇರಿ ಒಪ್ಪಿದ, ೧೯೭೭ರಿಂದ ಜಾರಿಗೆ ಬಂದ ಕಡಲಿನ ನಿಯಮಗಳನ್ನು ದೊಡ್ಡ ಹಡಗಿನಿಂದ ಸಣ್ಣ ದೋಣಿಯವರೆಗೆ ಎಲ್ಲರೂ ಪಾಲಿಸಬೇಕು. ರಸ್ತೆಯಲ್ಲಿ ನಾವು ಎಡಕ್ಕೆ ನಡೆದರೆ ನೀರಿನಲ್ಲಿ ಬಲಕ್ಕೆ. ಎರಡು ಯಾಂತ್ರಿಕ ದೋಣಿಗಳು ಎದುರುಬದುರಾಗಿ ಬಂದರೆ ಎರಡೂ ತಮ್ಮ ತಮ್ಮ ಬಲಕ್ಕೆ ತಿರುಗಬೇಕು. ಅಡ್ಡ ಹಾಯುವಾಗ, ಯಾರ ಬಲಮಗ್ಗುಲಲ್ಲಿ ಇನ್ನೊಂದು ದೋಣಿ ಕಾಣುತ್ತದೆಯೋ ಅವರು ದಾರಿ ಬಿಡಬೇಕು. ಹಿಂದಿನಿಂದ ದಾಟಿ ಹೋಗುವವನು, ತಾನು ಎಷ್ಟೇ ದೊಡ್ಡವನಾಗಿರಲಿ, ಮುಂದಿನವನಿಗೆ ತೊಂದರೆಯಾಗದಂತೆ ಬಳಸಿ ಹೋಗಬೇಕು. ಯಂತ್ರವಿರುವುದು ಹಾಯಿದೋಣಿಗೆ ದಾರಿ ಕೊಡಬೇಕು. ಆದರೆ ಹಡಗು ಹೋಗುವ ಇಕ್ಕಟ್ಟಾದ ಕಾಲುವೆಯಲ್ಲಿ ಸಣ್ಣ ದೋಣಿಗಳು ದೊಡ್ಡ ಹಡಗಿಗೆ ಅಡ್ಡ ಬರಬಾರದು. ಏಕೆಂದರೆ ಅದಕ್ಕೆ ಬೇರೆ ದಾರಿಯಿಲ್ಲ. ನಿಲ್ಲಿಸಬೇಕೆಂದರೂ ಒಂದು ಕಿಲೊಮೀಟರಿಗಿಂತ ಹೆಚ್ಚು ದೂರ ಸಾಗಿಯೇ ನಿಲ್ಲಬಲ್ಲದು. ನಮ್ಮ ಲಾಂಚು ನಡುನೀರಿನಲ್ಲಿ ನಿಧಾನ ಮಾಡಿ ತೈಲದ ಹಡಗೊಂದಕ್ಕೆ ದಾರಿ ಬಿಟ್ಟರೆ ತಾಂಡೇಲ ಅಂಜುಬುರುಕನೆಂದು ನಗುವವರು ಇದನ್ನು ನೆನೆಯಲಿ.

ದನಿಯ ಭಾಷೆಯೂ ಇದೆ. ಒಂದು ಗಿಡ್ಡ ಕೂಗು ಎಂದರೆ ‘ಬಲಕ್ಕೆ ತಿರುಗುತ್ತಿದ್ದೇನೆ’, ಎರಡೆಂದರೆ ‘ಎಡಕ್ಕೆ’, ಮೂರೆಂದರೆ ‘ಯಂತ್ರವನ್ನು ಹಿಂದಕ್ಕೆ ಓಡಿಸುತ್ತಿದ್ದೇನೆ’. ಐದು ಅಥವಾ ಅದಕ್ಕೂ ಹೆಚ್ಚು ಕೂಗುಗಳು ಒಂದರ ಹಿಂದೊಂದು ಬಂದರೆ, ‘ನೀನೇನು ಮಾಡುತ್ತಿರುವೆಯೋ ನನಗೆ ತಿಳಿಯದು’ ಎಂಬ ಎಚ್ಚರಿಕೆ. ಕತ್ತಲಾದ ಮೇಲೆ ಎಡಮಗ್ಗುಲಿಗೆ ಕೆಂಪು ದೀಪ, ಬಲಕ್ಕೆ ಹಸಿರು, ಹಿಂದೆ ಬಿಳಿ. ಗೇಟ್‌ವೇಯ ಕಟ್ಟೆಯ ಮೇಲೆ ಸಂಜೆ ಕುಳಿತವರು ದೂರದ ದೀಪಗಳನ್ನು ನೋಡಿ ಯಾವ ಹಡಗು ಬರುತ್ತಿದೆ, ಯಾವುದು ಹೋಗುತ್ತಿದೆ ಎಂದು ಹೇಳಲು ಪ್ರಯತ್ನಿಸಬಹುದು. ದುಡ್ಡಿಲ್ಲದ ವಿನೋದವಿದು.

ಜೀವರಕ್ಷಕ ಕವಚದ ಬಗ್ಗೆ ಇನ್ನಷ್ಟು ಹೇಳಬೇಕಾಗಿದೆ. ಅದನ್ನು ಕೊಟ್ಟಾಗ ನಮ್ಮವರು ಮಾಡುವುದೇನು? ಹೆಗಲಿಗೆ ಹಾಕಿಕೊಂಡು ಪಟ್ಟಿಗಳನ್ನು ಇಳಿಬಿಡುತ್ತಾರೆ. ಬೆವರಿನ ವಾಸನೆಯೆಂದು ಪಕ್ಕಕ್ಕಿಡುತ್ತಾರೆ. ಅದರ ಮೇಲೆ ಕುಳಿತುಕೊಳ್ಳುವವರೂ ಇದ್ದಾರೆ. ಮರದ ಹಲಗೆಗಿಂತ ಮೆತ್ತಗಲ್ಲವೇ! ಪಟ್ಟಿ ಕಟ್ಟದ ಕವಚ ನೀರಿಗೆ ಬಿದ್ದೊಡನೆ ಮೇಲಕ್ಕೆ ಜಾರಿ, ಮನುಷ್ಯನನ್ನು ಕೆಳಗೆ ಬಿಟ್ಟು ತಾನು ಮಾತ್ರ ತೇಲುತ್ತದೆ. ಎದೆಯಲ್ಲಿಯೂ ಸೊಂಟದಲ್ಲಿಯೂ ಬಿಗಿಯಾಗಿ ಕಟ್ಟಿ, ಹೆಗಲಿನ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಬೇಕು. ಗಲ್ಲವನ್ನು ದಾಟಿ ಮೇಲೆ ಬಂದರೆ ಅದು ಸಡಿಲ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರದನ್ನು ಮಗುವಿಗೆ ಹಾಕಿದರೆ ಬರೀ ಸಮಾಧಾನ. ಸೀರೆಯುಟ್ಟ ಹೆಂಗಸರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಮೇಲೆ ಕವಚ ತೊಟ್ಟರೆ ಅನುಕೂಲ. ಈಜು ಬಲ್ಲವನಿಗೆ ಕವಚವೇಕೆಂಬ ಪ್ರಶ್ನೆ ಪ್ರತಿ ಬಾರಿಯೂ ಬರುತ್ತದೆ. ತಲೆಗೆ ಹಲಗೆ ಬಡಿದು ಎಚ್ಚರ ತಪ್ಪಿದವನಿಗೆ ಈಜು ನೆನಪಿರುವುದಿಲ್ಲವೆಂಬುದೇ ಉತ್ತರ. ಹಾಗೆಯೇ, ಮುಳುಗುವವರು ನಾಲ್ಕು ಮಂದಿ ಕುತ್ತಿಗೆಗೆ ಜೋತುಬಿದ್ದರೆ ಎಂತಹ ಈಜುಗಾರನೂ ಅವರೊಡನೆಯೇ ಹೋಗುತ್ತಾನೆ. ಇದನ್ನು ತೊಡಬೇಕಾದುದು ಹತ್ತುವ ಮುಂಚೆ. ದೋಣಿ ವಾಲಿದ ಮೇಲೆ ತೊಡುವೆನೆಂಬುದು, ಬೆಂಕಿ ಹತ್ತಿದ ಮೇಲೆ ಬಾವಿ ತೋಡಿದಂತೆ.

ಹತ್ತುವುದೂ ಇಳಿಯುವುದೂ ಅಪಾಯದ ಗಳಿಗೆಗಳೇ. ಗೇಟ್‌ವೇಯ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ. ಕೆಲವೊಮ್ಮೆ ಲಾಂಚುಗಳು ಒಂದರ ಮಗ್ಗುಲಿಗೊಂದು ನಿಂತು, ಒಂದನ್ನು ದಾಟಿ ಇನ್ನೊಂದಕ್ಕೆ ಹೋಗಬೇಕಾಗುತ್ತದೆ. ಎರಡರ ನಡುವಣ ಸಂದು ಅಲೆಗೆ ತಕ್ಕಂತೆ ತೆರೆದು ಮುಚ್ಚುತ್ತದೆ. ಅಲ್ಲಿ ಕಾಲು ಸಿಕ್ಕಿದರೆ ಮೂಳೆ ಉಳಿಯದು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬುತ್ತಿಯ ಚೀಲವೆಂದರೆ ಹಿಡಿಯಲು ಕೈಯೇ ಇಲ್ಲ. ಮೊದಲು ಒಬ್ಬರು ದಾಟಿ, ಚೀಲವನ್ನು ಪಡೆದು, ಅನಂತರ ಮಗುವನ್ನು ಪಡೆದರೆ ಎಲ್ಲರಿಗೂ ಸುಲಭ. ವಯಸ್ಸಾದವರಿಗೆ ಕೈಕೊಟ್ಟು ದಾಟಿಸುವುದು, ಅವರು ಯಾರ ಕಡೆಯವರೇ ಆಗಿರಲಿ, ಹಿಂದೆ ನಿಂತ ಯುವಕನ ಕೆಲಸ. ಕಿಟಕಿಯ ಬದಿಗಾಗಿ ಕರವಸ್ತ್ರ ಎಸೆದು ಜಾಗ ಹಿಡಿಯುವ ನಮ್ಮ ಲೋಕಲ್ ರೈಲಿನ ವಿದ್ಯೆಯನ್ನು ದಯವಿಟ್ಟು ಧಕ್ಕೆಯಲ್ಲಿಯೇ ಬಿಟ್ಟುಹೋಗಬೇಕು. ಇಳಿಯುವಾಗಲೂ, ಹಗ್ಗ ಕಟ್ಟುವ ಮುಂಚೆ ಎಲ್ಲರೂ ಒಟ್ಟಿಗೆ ಎದ್ದು ಒಂದೇ ಬದಿಗೆ ಬಂದರೆ, ದಡ ಮುಟ್ಟಿದ ದೋಣಿಯೂ ಮಗುಚಬಲ್ಲದು.

ದೋಣಿಯಲ್ಲಿ ಕುಳಿತ ಮೇಲಿನ ಸೌಜನ್ಯ ಎಂದರೆ, ಅದೊಂದು ಕೂಡುಮನೆಯೆಂದು ತಿಳಿದರೆ ಸಾಕು. ಫೋನಿನ ಹಾಡನ್ನು ಎಲ್ಲರಿಗೂ ಕೇಳಿಸುವವರಿದ್ದಾರೆ. ಇಂಜಿನಿನ ಸದ್ದಿಗೆ ಸೋಲಬಾರದೆಂದು ಮತ್ತಷ್ಟು ಏರಿಸುತ್ತಾರೆ. ಗುಟ್ಕಾ ಜಗಿದು ಗಾಳಿಯೆದುರು ಉಗುಳುವವರ ಹಿಂದೆ ಕುಳಿತ ಪುಣ್ಯವಂತರ ಪಾಡನ್ನು ನಾವು ವರ್ಣಿಸಲಾರೆವು. ಚಳಿಗಾಲದಲ್ಲಿ ದೂರದೇಶಗಳಿಂದ ಮುಂಬಯಿಗೆ ಬರುವ ಕಡಲಹಕ್ಕಿಗಳು ಲಾಂಚಿನ ಬೆನ್ನು ಹಿಡಿದು ಹಾರುವುದು ಕಣ್ಣಿಗೆ ಹಬ್ಬವೇ. ಅವಕ್ಕೆ ಸೇವು ಗಾಂಠಿಯಾ ಎಸೆಯುವುದು ಕರುಣೆಯೆಂದು ತೋರಬಹುದು. ಮೀನು ತಿನ್ನುವ ಹಕ್ಕಿಗೆ ಕರಿದ ಹಿಟ್ಟು ಆಹಾರವಲ್ಲ. ಎಸೆಯಲೆಂದು ಎದ್ದು ಕಟಾಂಜನದಾಚೆ ಬಗ್ಗುವವನಿಗೂ ಅದು ಒಳ್ಳೆಯದಲ್ಲ. ತಿಂದ ಪೊಟ್ಟಣ, ನೀರಿನ ಬಾಟಲಿಗಳನ್ನು ಚೀಲದಲ್ಲಿಟ್ಟುಕೊಂಡು ಬರುವುದು ಅಷ್ಟೇನೂ ಭಾರವಲ್ಲ. ಪ್ಲಾಸ್ಟಿಕ್ ಚೀಲವೊಂದು ದೋಣಿಯ ಪಂಖಕ್ಕೆ ಸುತ್ತಿಕೊಂಡರೆ ಇಂಜಿನು ನಡುನೀರಿನಲ್ಲಿ ನಿಂತುಬಿಡುತ್ತದೆ. ಇನ್ನು ಮದ್ಯ: ಕುಡಿದು ಹತ್ತಬಾರದು, ಕುಡಿದವನು ನಡೆಸುವ ದೋಣಿಯನ್ನೂ ಹತ್ತಬಾರದು. ಇದಕ್ಕೆ ವಿವರಣೆ ಬೇಡ.

ನೀರಿನ ಮೇಲೆ ನಮ್ಮಂತೆ ವಿಹಾರಕ್ಕೆ ಬಾರದವರೂ ಇರುತ್ತಾರೆ. ಕೋಳಿ ಮೀನುಗಾರರ ಬಲೆಗಳ ಬೆಂಡುಗಳು ಬಂದರಿನ ಸುತ್ತ ತೇಲುತ್ತಿರುತ್ತವೆ. ಬಾಡಿಗೆಗೆ ವೇಗದ ದೋಣಿ ಹಿಡಿದು ಅವುಗಳ ಮೇಲೆಯೇ ಓಡಿಸಿದರೆ ತುಂಡಾಗುವುದು ಹಗ್ಗವೊಂದೇ ಅಲ್ಲ, ಒಂದು ಮನೆಯ ವಾರದ ಅನ್ನ. ವೇಗದ ದೋಣಿ ಎಬ್ಬಿಸುವ ಅಲೆ ಅದು ಹೋದ ಮೇಲೂ ಸಾಗುತ್ತದೆ. ಬಲೆ ಎಳೆಯಲೆಂದು ನಿಂತ ಪಾತಿದೋಣಿಯ ಅಂಚನ್ನು ದಾಟಿ ಒಳಗೆ ಬೀಳುತ್ತದೆ. ಸಣ್ಣ ದೋಣಿಯ ಹತ್ತಿರ ವೇಗ ತಗ್ಗಿಸಬೇಕೆಂಬುದು ಇದರಿಂದಲೇ. ನಮ್ಮ ಮೊಗವೀರರಿಗೂ ಖಾರ್ವಿಗಳಿಗೂ ಮಲ್ಪೆ, ಗಂಗೊಳ್ಳಿಗಳಲ್ಲಿ ಇದೇ ಕಷ್ಟವಿದೆಯೆಂದು ನೆನೆದರೆ ಕೋಳಿಗಳ ಕಷ್ಟವೂ ತಿಳಿಯುತ್ತದೆ.

ಕೆರೆಗಳ ಮಾತು ಬೇರೆ. ಅಲ್ಲಿ ತಾಂಡೇಲನಿಲ್ಲ; ಕಾಲಿನಿಂದ ತುಳಿಯುವ ದೋಣಿಯನ್ನು ನಮ್ಮ ಕೈಗೇ ಕೊಟ್ಟುಬಿಡುತ್ತಾರೆ. ಹಂಸದ ಆಕಾರದ ಆ ದೋಣಿ ಆಟಿಕೆಯಂತೆ ಕಂಡರೂ ಕೆಳಗಿನ ನೀರು ಆಟಿಕೆಯಲ್ಲ. ಗೆಳೆಯನನ್ನು ಹೆದರಿಸಲು ಓಲಾಡಿಸುವುದು, ನಡುವೆ ಎದ್ದು ಜಾಗ ಬದಲಾಯಿಸುವುದು, ಇನ್ನೊಂದು ದೋಣಿಗೆ ಡಿಕ್ಕಿ ಹೊಡೆಯುವುದು, ಹೆಂಗಸರಿರುವ ದೋಣಿಯನ್ನು ಹಿಂಬಾಲಿಸಿ ನೀರೆರಚುವುದು—ಇವನ್ನು ಚೇಷ್ಟೆಯೆಂದು ಕರೆಯಲು ನಮಗೆ ಮನಸ್ಸಿಲ್ಲ. ಹುಸೇನ್ ಸಾಗರದ ನಡುವೆ ನಿಂತ ಬುದ್ಧನನ್ನು ನೋಡಲು ಹೋಗುವ ಹೈದರಾಬಾದಿನ ವಾಚಕರಿಗೆ ಆ ಮೂರ್ತಿಯ ಕಥೆ ಗೊತ್ತಿರಬಹುದು. ೧೯೯೦ರಲ್ಲಿ ಅದನ್ನು ತೆಪ್ಪದ ಮೇಲೆ ಸಾಗಿಸುವಾಗ ಭಾರ ವಾಲಿ, ಏಕಶಿಲೆಯ ಆ ಮಹಾಮೂರ್ತಿ ಕೆರೆಗೆ ಜಾರಿ, ಜೊತೆಗಿದ್ದ ಕೆಲಸಗಾರರಲ್ಲಿ ಕೆಲವರನ್ನೂ ಕೊಂಡೊಯ್ದಿತು. ಮೂರ್ತಿಯನ್ನು ಮೇಲೆತ್ತಿ ನಿಲ್ಲಿಸಿದುದು ೧೯೯೨ರಲ್ಲಿ. ಹೋದವರು ಮರಳಲಿಲ್ಲ.

ಕಾಲ ನೋಡಿ ಹೊರಡುವುದೂ ಮುಖ್ಯ. ಮಳೆಗಾಲದ ತಿಂಗಳುಗಳಲ್ಲಿ ಗೇಟ್‌ವೇಯಿಂದ ಮಾಂಡವಾಕ್ಕೆ ಸಣ್ಣ ಲಾಂಚುಗಳನ್ನು ನಿಲ್ಲಿಸುತ್ತಾರೆ. ಮಲ್ಪೆಯ ದ್ವೀಪಯಾತ್ರೆಯೂ ಆಗ ಬಂದ್. ‘ನಮಗಾಗಿ ಒಂದು ಸಲ’ ಎಂದು ಖಾಸಗಿ ದೋಣಿಯವನಿಗೆ ದುಡ್ಡಿನ ಆಸೆ ತೋರಿಸುವವರು ತಮ್ಮೊಡನೆ ಆತನ ಹೆಂಡಿರು ಮಕ್ಕಳನ್ನೂ ಒತ್ತೆಯಿಡುತ್ತಾರೆ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ಮುಂಬಯಿಯ ಭರತ ನಾಲ್ಕು ಮೀಟರಿಗೂ ಮೇಲೇರುವುದುಂಟು. ಏರಿದುದು ಆರು ಗಂಟೆಗಳ ಆಸುಪಾಸಿನಲ್ಲಿ ಇಳಿಯುತ್ತದೆ. ಬೆಳಿಗ್ಗೆ ಕಾಲಿಟ್ಟು ಇಳಿದ ಮೆಟ್ಟಿಲು ಮಧ್ಯಾಹ್ನ ಎಲ್ಲೋ ಮೇಲಿರಬಹುದು, ಇಲ್ಲವೇ ನೀರಿನಡಿಯಲ್ಲಿರಬಹುದು. ಕತ್ತಲಾದ ಮೇಲೆ ವಿಹಾರದ ದೋಣಿ ಹತ್ತುವುದು ಬೇಡವೇ ಬೇಡ. ತಾನೂರಿನ ಅನಾಹುತ ನಡೆದುದು ಸೂರ್ಯ ಮುಳುಗಿದ ಮೇಲೆ. ಬಿದ್ದವರನ್ನು ಹುಡುಕುವುದಕ್ಕೇ ಬೆಳಕಿರಲಿಲ್ಲ.

ಇಷ್ಟಾದರೂ ಕೆಡುಕು ಬಂದರೆ? ದೋಣಿ ಮಗುಚಿದರೆ ಅದನ್ನು ಬಿಟ್ಟು ದಡಕ್ಕೆ ಈಜಲು ಹೋಗಬಾರದು. ಮರದ ದೋಣಿ ಬಹುಮಟ್ಟಿಗೆ ಮಗುಚಿಯೂ ತೇಲುತ್ತದೆ. ಅದನ್ನು ಹಿಡಿದುಕೊಂಡವರು ಹುಡುಕುವವರ ಕಣ್ಣಿಗೆ ಬೇಗ ಬೀಳುತ್ತಾರೆ. ಒಬ್ಬನು ನೀರಿಗೆ ಬಿದ್ದರೆ ಹಿಂದೆಯೇ ಇನ್ನೊಬ್ಬನು ಹಾರಬಾರದು. ಕೂಗಿ ತಾಂಡೇಲನಿಗೆ ತಿಳಿಸಿ, ತೇಲುವ ಬಳೆಯನ್ನೋ, ಕವಚವನ್ನೋ, ಮುಚ್ಚಿದ ಖಾಲಿ ಡಬ್ಬವನ್ನೋ ಅವನತ್ತ ಎಸೆಯಬೇಕು. ಒಬ್ಬರು ಬಿದ್ದವನ ಕಡೆಗೆ ಕೈ ತೋರುತ್ತ ಕಣ್ಣು ಕೀಳದೆ ನಿಂತಿರಬೇಕು. ಅಲೆಗಳ ನಡುವೆ ಒಂದು ತಲೆ ಕಣ್ಮರೆಯಾದರೆ ಮತ್ತೆ ಹುಡುಕುವುದು ಬಲು ಕಷ್ಟ. ಮೇಲೆತ್ತಿದವನ ಉಸಿರು ನಿಂತಿದ್ದರೆ, ತಲೆಕೆಳಗಾಗಿ ನೇತುಹಾಕುವ, ಹೊಟ್ಟೆಯೊತ್ತಿ ನೀರು ತೆಗೆಯುವ ಹಳ್ಳಿಯ ಉಪಾಯಗಳಿಂದ ಸಮಯವೇ ನಷ್ಟ. ಕೂಡಲೇ ಬಾಯಿಯಿಂದ ಬಾಯಿಗೆ ಉಸಿರು ಕೊಟ್ಟು, ಎದೆಯ ನಡುವೆ ಒತ್ತುವ ಕ್ರಮವನ್ನು ಆರಂಭಿಸಬೇಕು. ಇದನ್ನು ಓದಿ ಕಲಿಯಲಾಗದು, ಕೈಯಿಂದ ಮಾಡಿಯೇ ಕಲಿಯಬೇಕು. ನಮ್ಮ ಸಂಘಗಳು ನಾಟಕಕ್ಕೂ ಯಕ್ಷಗಾನಕ್ಕೂ ಸಭಾಗೃಹ ಹಿಡಿಯುವಂತೆ, ವೈದ್ಯರೊಬ್ಬರನ್ನು ಕರೆಯಿಸಿ ಒಂದು ಮಧ್ಯಾಹ್ನ ಇದನ್ನು ಕಲಿಸಿದರೆ ಖರ್ಚೇನೂ ಬಾರದು.

ವಿಹಾರಕೂಟ ಏರ್ಪಡಿಸುವ ಕಾರ್ಯದರ್ಶಿಗಳು ಇನ್ನೊಂದು ಕೆಲಸ ಮಾಡಬಹುದು. ಹೊರಡುವವರ ಹೆಸರಿನ ಪಟ್ಟಿ ಮಾಡಿ ಅದರ ಒಂದು ಪ್ರತಿಯನ್ನು ದಡದಲ್ಲಿರುವವರ ಕೈಗೆ ಕೊಡಬೇಕು; ಮರಳುವ ಹೊತ್ತನ್ನೂ ತಿಳಿಸಬೇಕು. ಐವತ್ತು ಮಂದಿ ಬಂದರೆ ಒಂದೇ ಲಾಂಚು ಹಿಡಿದು ಬಾಡಿಗೆ ಉಳಿಸುವ ಲೆಕ್ಕ ಬೇಡ. ದೋಣಿಯವನೊಡನೆ ಮಾತನಾಡುವಾಗ ಬಾಡಿಗೆಯ ಚೌಕಾಶಿಗೆ ಮೊದಲು ಕವಚಗಳೆಷ್ಟಿವೆ, ಮಕ್ಕಳವೆಷ್ಟಿವೆ ಎಂದು ಎಣಿಸಿ ನೋಡಬೇಕು. ಕಡಲಿನಲ್ಲಿ ಸಂಕಟ ಬಂದರೆ ಕರಾವಳಿ ಕಾವಲುಪಡೆಯನ್ನು ೧೫೫೪ಕ್ಕೆ, ಎಲ್ಲೆಡೆ ಪೊಲೀಸರನ್ನು ೧೧೨ಕ್ಕೆ ಕರೆಯಬಹುದು. ಈ ಎರಡನ್ನೂ ಪಟ್ಟಿಯ ಮೇಲ್ಗಡೆಯೇ ಬರೆದಿಡಬೇಕು.

ಕೊನೆಯದಾಗಿ, ಸೋಮವಾರ ರಜೆಯಿರುವ ಉಪಾಹಾರಗೃಹದ ಬಂಧುಗಳಿಗೆ ಒಂದು ಸೂಚನೆ: ಘಾರಾಪುರಿಯ ಗುಹೆಗಳಿಗೂ ಸೋಮವಾರವೇ ರಜೆ. ಬೇರೆ ದಿನ ಹೋದವರು ದ್ವೀಪದಲ್ಲಿ ಇಳಿದೊಡನೆ ಮರಳುವ ಕೊನೆಯ ಲಾಂಚು ಎಷ್ಟು ಹೊತ್ತಿಗೆಂದು ಕೇಳಿಟ್ಟುಕೊಂಡು, ಅದಕ್ಕಿಂತ ಒಂದೆರಡು ಲಾಂಚುಗಳ ಮೊದಲೇ ಧಕ್ಕೆಗೆ ಬರುವುದು ಲೇಸು. ಕೊನೆಯ ಲಾಂಚಿಗೆ ಯಾವಾಗಲೂ ನೂಕುನುಗ್ಗಲು.